ಯಂತ್ರಕ್ಕೆ ಕೈಮುಗಿಯುವ ಸೈಬೋರ್ಗ್ ಒಳಗೆ ಮನುಷ್ಯ ಎಲ್ಲಿದ್ದಾನೆ?

ಆಯುಧ ಪೂಜೆಯ ದಿನ ನಮ್ಮ ಕಡೆ ಯಾವ ಊರಿಗೆ ಹೋದರೂ ಯಂತ್ರಗಳು ವಿಭೂತಿ ಹಚ್ಚಿಕೊಂಡು ನಿಂತಿರುತ್ತವೆ. ಗಂಗಾವತಿ, ಕಾರಟಗಿಯ ಅಕ್ಕಿ ಗಿರಣಿಗಳಲ್ಲಿ ಮೋಟರಿಗೆ ಚೆಂಡುಹೂವಿನ ಹಾರ. ಬಳ್ಳಾರಿಯ ಜೀನ್ಸ್ ಹೊಲಿಯುವ ಶೆಡ್ಡುಗಳಲ್ಲಿ ಹೊಲಿಗೆ ಮಷಿನ್ನಿಗೆ ಕುಂಕುಮ. ಲಾರಿಯ ಗಾಲಿ ಕೆಳಗೆ ನಿಂಬೆಹಣ್ಣು, ಗೇಟಿನ ಮುಂದೆ ಒಡೆದ ಬೂದುಗುಂಬಳ. ಅಂದು ಮಷಿನ್ ನಿಲ್ಲಿಸಿ, ತೊಳೆದು, ಎಣ್ಣೆ ಬಿಟ್ಟು, ಆಮೇಲೆ ಕಾಯಿ ಒಡೆಯುತ್ತಾರೆ. ಯಾರಿಗೂ ಇದು ವಿಚಿತ್ರ ಅನ್ನಿಸುವುದಿಲ್ಲ.

ಅದಕ್ಕೇ ವೈಜ್ಞಾನಿಕ ಕಥೆಗಳಲ್ಲಿ ಬರುವ ಒಂದು ಬಗೆಯ ಪಾತ್ರ ನಮಗೆ ಬೇರೆಯವರಿಗಿಂತ ಬೇಗ ಅರ್ಥವಾಗಬೇಕು ಎಂದು ನನ್ನ ನಂಬಿಕೆ. ಯಂತ್ರವನ್ನು ಪೂಜಿಸುವ ಸೈಬೋರ್ಗ್, ಅಂದರೆ ಮೈಯಲ್ಲೇ ಯಂತ್ರ ಕೂಡಿಸಿಕೊಂಡ ಮನುಷ್ಯನ ಪಾತ್ರ ಅದು. ಕೆಂಪು ನಿಲುವಂಗಿ ತೊಟ್ಟ ಪೂಜಾರಿ. ಒಂದು ಕಣ್ಣಿದ್ದ ಜಾಗದಲ್ಲಿ ಲೆನ್ಸ್. ಬೆನ್ನಿನಿಂದ ಹೊರಟ ಲೋಹದ ಕೈಗಳು. ಬಾಯಿಯ ಜಾಗದಲ್ಲಿ ಜಾಲರಿ. ಮೈಯ ಒಂದೊಂದೇ ಭಾಗ ತೆಗೆಸಿ ಯಂತ್ರ ಕೂಡಿಸಿಕೊಳ್ಳುವುದು ಅವನಿಗೆ ದೀಕ್ಷೆ ಇದ್ದ ಹಾಗೆ. ಮೇಲೇರಿದಷ್ಟೂ ಮಾಂಸ ಕಡಿಮೆ, ಲೋಹ ಜಾಸ್ತಿ.

ಇಂಥ ಪಾತ್ರ ಕಂಡ ಕೂಡಲೇ ಎಲ್ಲರೂ ಕೇಳುವ ಪ್ರಶ್ನೆ ಒಂದೇ. ಇಷ್ಟೆಲ್ಲ ಬದಲಾದ ಮೇಲೆ ಒಳಗೆ ಮನುಷ್ಯ ಉಳಿದಿದ್ದಾನಾ? ಎಷ್ಟು ಮಾಂಸ ಉಳಿದಿದೆ ಎಂದು ಲೆಕ್ಕ ಹಾಕಿದರೆ ಇದಕ್ಕೆ ಉತ್ತರ ಸಿಗುವುದಿಲ್ಲ. ಅವನಿಗೆ ಏನು ಬೇಕು, ಅವನು ಯಾವುದಕ್ಕೆ ಹೆದರುತ್ತಾನೆ, ಯಾರ ಮೇಲೆ ಮುನಿಸಿಕೊಂಡಿದ್ದಾನೆ ಎಂದು ಕೇಳಬೇಕು. ಆಗ ಮನುಷ್ಯ ಕಾಣಿಸುತ್ತಾನೆ. ಇನ್ನೂ ಒಂದು ಮಾತು ಸೇರಿಸುತ್ತೇನೆ. ಅವನನ್ನು ನಮ್ಮಿಂದ ದೂರ ಮಾಡುವಂತೆ ತೋರುವ ಆ ಪೂಜೆಯೇ ಅವನಲ್ಲಿ ಉಳಿದಿರುವ ದೊಡ್ಡ ಮನುಷ್ಯತನ.

ಮೊದಲು ಸೈಬೋರ್ಗ್ ಎಂಬ ಯೋಚನೆ ಎಲ್ಲಿಂದ ಬಂತು ನೋಡೋಣ. 1960ರಲ್ಲಿ ಮ್ಯಾನ್‌ಫ್ರೆಡ್ ಕ್ಲೈನ್ಸ್ ಮತ್ತು ನೇಥನ್ ಕ್ಲೈನ್ ಎಂಬ ಇಬ್ಬರು ಅಮೆರಿಕದ ಒಂದು ಬಾಹ್ಯಾಕಾಶ ಪತ್ರಿಕೆಯಲ್ಲಿ ಲೇಖನ ಬರೆದರು. ಬಾಹ್ಯಾಕಾಶಕ್ಕೆ ಭೂಮಿಯ ಗಾಳಿಯನ್ನೇ ಹೊತ್ತುಕೊಂಡು ಹೋಗುವುದು ಕಷ್ಟ, ಅದರ ಬದಲು ಮನುಷ್ಯನ ಮೈಯನ್ನೇ ಅಲ್ಲಿಗೆ ಹೊಂದಿಸೋಣ ಎಂಬುದು ಅವರ ವಾದ. ಮೈಗೆ ಜೋಡಿಸಿದ ಸಾಧನಗಳು ಉಸಿರು, ರಕ್ತ, ಕಾವು ಎಲ್ಲವನ್ನೂ ತಾವಾಗಿಯೇ ನೋಡಿಕೊಳ್ಳಬೇಕು. ಯಾಕೆ? ಆಗ ಮನುಷ್ಯ ಆ ಚಿಂತೆ ಬಿಟ್ಟು ಹುಡುಕಾಡಬಹುದು, ಹೊಸದನ್ನು ಮಾಡಬಹುದು, ಯೋಚಿಸಬಹುದು, ಅನುಭವಿಸಬಹುದು. ಅಂದರೆ ಸೈಬೋರ್ಗ್ ಹುಟ್ಟಿದ್ದು ಮನುಷ್ಯನ ಮನಸ್ಸಿಗೆ ಬಿಡುವು ಕೊಡಲಿಕ್ಕೆ. ಮನುಷ್ಯನನ್ನು ಅಳಿಸಲಿಕ್ಕೆ ಹುಟ್ಟಿದ್ದಲ್ಲ.

ಆ ಲೇಖನ ಬರುವ ಮೊದಲೇ, 1958ರಲ್ಲಿ, ಸ್ವೀಡನ್ನಿನ ಆರ್ನೆ ಲಾರ್ಸನ್ ಎದೆಯೊಳಗೆ ಪೇಸ್‌ಮೇಕರ್ ಕೂಡಿಸಿಕೊಂಡ ಮೊದಲ ಮನುಷ್ಯರಾದರು. ಮೊದಲನೆಯದು ಕೆಲವೇ ಗಂಟೆ ನಡೆಯಿತು. ಮತ್ತೊಂದು ಹಾಕಿದರು. ಹೀಗೆ ಬದುಕಿಡೀ 26 ಪೇಸ್‌ಮೇಕರ್ ಬದಲಿಸಿಕೊಂಡು ಅವರು 2001ರವರೆಗೆ, 86 ವರ್ಷ ಬದುಕಿದರು. ಅದನ್ನು ತಯಾರಿಸಿದ ಎಂಜಿನಿಯರ್, ಅದನ್ನು ಕೂಡಿಸಿದ ಡಾಕ್ಟರ್, ಇಬ್ಬರೂ ಅವರಿಗಿಂತ ಮೊದಲೇ ಹೋದರು. ಅವರ ಮನುಷ್ಯತನ ಕಡಿಮೆಯಾಯಿತು ಎಂದು ಯಾರಾದರೂ ಹೇಳುತ್ತಾರಾ?

ನನಗೆ ಇನ್ನೂ ಹತ್ತಿರದ ಉದಾಹರಣೆ ಜೈಪುರದ ಕಾಲು. 1968ರ ಸುಮಾರಿಗೆ ಡಾಕ್ಟರ್ ಪಿ.ಕೆ. ಸೇಠಿ ಮತ್ತು ಕುಶಲಕರ್ಮಿ ರಾಮಚಂದ್ರ ಶರ್ಮಾ ಸೇರಿ ಮಾಡಿದ್ದು. ಅದಕ್ಕೂ ಮೊದಲು ಬರುತ್ತಿದ್ದ ವಿದೇಶಿ ಕೃತಕ ಕಾಲಿಗೆ ಬೂಟು ಬೇಕೇ ಬೇಕು. ಅದನ್ನು ಹಾಕಿಕೊಂಡು ಕುಕ್ಕರಗಾಲಲ್ಲಿ ಕೂರಲಾಗದು, ಚಕ್ಕಳಮಕ್ಕಳ ಹಾಕಲಾಗದು, ಕೆಸರು ಗದ್ದೆಯಲ್ಲಿ ಬರಿಗಾಲಲ್ಲಿ ಇಳಿಯಲಾಗದು. ಜೈಪುರದ ಕಾಲು ಇದೆಲ್ಲಕ್ಕೂ ಬಗ್ಗುತ್ತದೆ. ಗದ್ದೆಗೆ ಇಳಿಯಬೇಕಾದ ಸಿಂಧನೂರಿನ ರೈತನಿಗೆ ಇದರ ಬೆಲೆ ಬಿಡಿಸಿ ಹೇಳಬೇಕಾಗಿಲ್ಲ. ಒಬ್ಬ ಮನುಷ್ಯ ಹೇಗೆ ಕೂರುತ್ತಾನೆ, ಊಟಕ್ಕೆ ಎಲ್ಲಿ ಕೂರುತ್ತಾನೆ, ದೇವರ ಮುಂದೆ ಹೇಗೆ ಮಂಡಿಯೂರುತ್ತಾನೆ ಎಂಬುದರಲ್ಲಿ ಅವನ ವ್ಯಕ್ತಿತ್ವ ಇರುತ್ತದೆ. ಆ ಯಂತ್ರ ಅದನ್ನು ಉಳಿಸಿಕೊಟ್ಟಿತು. ಸೈಬೋರ್ಗ್ ಪಾತ್ರ ಬರೆಯುವವರು ಇದನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕು. ಅಂಗ ಬದಲಾಯಿತು ಎನ್ನುವುದು ಅರ್ಧ ಮಾತು. ಯಾವ ಅಭ್ಯಾಸ ಉಳಿಯಿತು, ಯಾವುದು ಹೋಯಿತು ಎನ್ನುವುದು ಇನ್ನರ್ಧ.

ಆದರೆ ಕಥೆಗಳಲ್ಲಿ ಸೈಬೋರ್ಗ್ ಬಹುಮಟ್ಟಿಗೆ ಹೆದರಿಸಲಿಕ್ಕೆ ಬಂದ. 1966ರಲ್ಲಿ ಬ್ರಿಟನ್ನಿನ 'ಡಾಕ್ಟರ್ ಹೂ' ಧಾರಾವಾಹಿಯಲ್ಲಿ ಸೈಬರ್‌ಮನ್‌ಗಳು ಬಂದರು. ಅವರನ್ನು ಕಲ್ಪಿಸಿದವರಲ್ಲಿ ಒಬ್ಬರಾದ ಕಿಟ್ ಪೆಡ್ಲರ್ ವೈದ್ಯಕೀಯ ಸಂಶೋಧಕರು. ಅಂಗಾಂಗ ಬದಲಿಸುತ್ತ ಹೋದರೆ ಕೊನೆಗೆ ಏನು ಉಳಿಯುತ್ತದೆ ಎಂಬ ಭಯ ಅವರಿಗಿತ್ತು. ಸೈಬರ್‌ಮನ್‌ಗಳು ಬದುಕಲಿಕ್ಕಾಗಿ ಅಂಗ ಬದಲಿಸಿಕೊಂಡರು, ಆಮೇಲೆ ನೋವು ತಾಳಲಾರದೆ ಭಾವನೆಗಳನ್ನೇ ಕಿತ್ತುಹಾಕಿದರು. ಮೊದಲ ಕಥೆಯಲ್ಲಿ ಅವರ ಕೈಗಳು ಮಾತ್ರ ಮನುಷ್ಯರ ಬರಿಗೈಗಳಾಗಿಯೇ ಇದ್ದವು. ಇಡೀ ವೇಷದಲ್ಲಿ ಅದೇ ಹೆಚ್ಚು ಎದೆ ನಡುಗಿಸುತ್ತದೆ.

1989ರಲ್ಲಿ ಅಮೆರಿಕದ 'ಸ್ಟಾರ್ ಟ್ರೆಕ್' ಧಾರಾವಾಹಿಯ ಲೋಕಕ್ಕೆ ಬೋರ್ಗ್ ಎಂಬ ಸೈಬೋರ್ಗ್‌ಗಳ ಗುಂಪು ಬಂತು. ಇಲ್ಲಿ ಭಾವನೆಯ ಜೊತೆಗೆ 'ನಾನು' ಎಂಬುದೇ ಹೋಗುತ್ತದೆ. ಸಾವಿರಾರು ಜನರ ಮನಸ್ಸು ಒಂದೇ ಆಗಿ ಎಲ್ಲರೂ 'ನಾವು' ಎನ್ನುತ್ತಾರೆ. 1992ರ ಒಂದು ಕಂತಿನಲ್ಲಿ ಗುಂಪಿನಿಂದ ಬೇರೆಯಾದ ಒಬ್ಬ ಬೋರ್ಗ್ ಹುಡುಗನಿಗೆ ಹ್ಯೂ ಎಂದು ಹೆಸರಿಡುತ್ತಾರೆ. ಹೆಸರು ಬಂದ ಮೇಲೆ, ಗೆಳೆತನ ಬಂದ ಮೇಲೆ, ಅವನ ಬಾಯಲ್ಲಿ 'ನಾನು' ಬರುತ್ತದೆ. ಅವನ ಮೈಮೇಲಿನ ಯಂತ್ರ ಇನ್ನೂ ಇದೆ. ಆದರೂ ಮನುಷ್ಯ ಮರಳಿ ಬಂದ.

ಈಗ ನಮ್ಮ ಪೂಜಾರಿಗಳ ಹತ್ತಿರ ಬರೋಣ. ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ನ ಗೇಮ್ಸ್ ವರ್ಕ್‌ಶಾಪ್ ಕಂಪನಿ 1987ರಲ್ಲಿ 'ವಾರ್‌ಹ್ಯಾಮರ್ 40,000' ಎಂಬ ಆಟ ತಂದಿತು. ಮೇಜಿನ ಮೇಲೆ ಚಿಕ್ಕ ಗೊಂಬೆ ಸೈನಿಕರನ್ನು ಇಟ್ಟು ಆಡುವ ಯುದ್ಧದ ಆಟ. ಅದರ ಸುತ್ತ ಬಹಳ ದೊಡ್ಡ ಕಥಾಲೋಕ ಬೆಳೆದಿದೆ. ಅದರಲ್ಲಿ ಮಂಗಳ ಗ್ರಹವನ್ನು ನೆಲೆ ಮಾಡಿಕೊಂಡ ಒಂದು ಪಂಥ ಅಡೆಪ್ಟಸ್ ಮೆಕ್ಯಾನಿಕಸ್. ಯಂತ್ರದೇವರು ಇದ್ದಾನೆ, ಜ್ಞಾನವೇ ಪವಿತ್ರ, ಮಾಂಸ ದುರ್ಬಲ ಎಂಬುದು ಅವರ ನಂಬಿಕೆ. ಅವರ ಗುರುತು ಹಲ್ಲಿನ ಚಕ್ರದೊಳಗೆ ಒಂದು ತಲೆಬುರುಡೆ. ಅದರ ಅರ್ಧ ಮನುಷ್ಯನದು, ಅರ್ಧ ಯಂತ್ರದ್ದು. ತಮ್ಮ ಲಾಂಛನದಲ್ಲೇ ಅವರು ಮನುಷ್ಯನ ಅರ್ಧವನ್ನು ಬಿಟ್ಟಿಲ್ಲ ಎನ್ನುವುದು ನನಗೆ ಮುಖ್ಯ.

ಇವರು ಸೈಬರ್‌ಮನ್‌ಗಳ ಹಾಗೆ ಭಾವನೆ ಕಿತ್ತುಹಾಕಿದವರಾ? ಬಾಯಲ್ಲಿ ಹಾಗೆ ಹೇಳುತ್ತಾರೆ. ಬೋರ್ಗ್ ಹಾಗೆ ಒಂದಾದವರಾ? ಖಂಡಿತ ಅಲ್ಲ. ಒಬ್ಬೊಬ್ಬನಿಗೂ ಉದ್ದುದ್ದ ಹೆಸರು, ಅದಕ್ಕಿಂತ ಉದ್ದದ ಪದವಿ, ತನ್ನದೇ ಸಂಶೋಧನೆ, ತನ್ನದೇ ಶಿಷ್ಯರು, ತನ್ನದೇ ಗುಟ್ಟು. ಇನ್ನೊಬ್ಬನ ಗ್ರಂಥಾಲಯದ ಮೇಲೆ ಕಣ್ಣು. ಮಾಂಸ ಬಿಟ್ಟರು, ಅಹಂಕಾರ ಬಿಡಲಿಲ್ಲ.

ಆ ಲೋಕವನ್ನು ಆಧರಿಸಿ 2018ರಲ್ಲಿ ಒಂದು ವಿಡಿಯೊ ಗೇಮ್ ಬಂತು. ಅದರ ಆರಂಭದಲ್ಲಿ ಒಬ್ಬ ಪೂಜಾರಿ ಮಾತಾಡುತ್ತಾನೆ. ನನ್ನ ಮಾಂಸ ಎಷ್ಟು ದುರ್ಬಲ ಎಂದು ಗೊತ್ತಾದ ದಿನದಿಂದ ನನಗೆ ಅದರ ಮೇಲೆ ಹೇಸಿಗೆ ಹುಟ್ಟಿತು ಎನ್ನುವುದು ಆ ಮಾತಿನ ಸಾರ. ಅಭಿಮಾನಿಗಳ ನಡುವೆ ಅದು ಬಾಯಿಪಾಠ ಆಗಿಹೋಗಿದೆ. ಸ್ವಲ್ಪ ನಿಂತು ಯೋಚಿಸಿ. ಹೇಸಿಗೆ ಪಡುವುದು ಯಾರು? ಟರ್ಬೈನಿಗೆ ತುಕ್ಕಿನ ಮೇಲೆ ಹೇಸಿಗೆ ಇಲ್ಲ. ಕಂಪ್ಯೂಟರಿಗೆ ತನ್ನ ಹಳೆಯ ಚಿಪ್ ಬಗ್ಗೆ ನಾಚಿಕೆ ಇಲ್ಲ. ತನ್ನ ಮೈ ಕಂಡು ಹೇಸುವುದು, ಸಾವಿಗೆ ಹೆದರುವುದು, ಅದಕ್ಕಿಂತ ಗಟ್ಟಿಯಾದ ಒಂದಕ್ಕಾಗಿ ಹಂಬಲಿಸುವುದು, ಇವೆಲ್ಲ ಮನುಷ್ಯನಿಗೆ ಮಾತ್ರ ಬರುವ ಕಾಯಿಲೆಗಳು. ಅಪ್ಪ ಕೆಮ್ಮಿ ಕೆಮ್ಮಿ ಸತ್ತಿದ್ದನ್ನು ನೋಡಿದ ಮಗ ಮೊದಲು ಶ್ವಾಸಕೋಶ ಬದಲಿಸಿಕೊಳ್ಳುತ್ತಾನೆ ಎಂದುಕೊಳ್ಳಿ. ಆ ಲೋಹದ ಶ್ವಾಸಕೋಶ ಅವನ ದುಃಖದ ಗುರುತು.

ಹೀಗಾಗಿ ಇಂಥ ಪಾತ್ರದ ಬಗ್ಗೆ ನಾನು ಮೊದಲು ಕೇಳುವುದು, ಯಾವ ಅಂಗ ಮೊದಲು ಹೋಯಿತು ಮತ್ತು ಯಾಕೆ ಎಂದು. ಕಣ್ಣು ಮೊದಲು ಬದಲಿಸಿಕೊಂಡವನಿಗೂ ಹೃದಯ ಮೊದಲು ಬದಲಿಸಿಕೊಂಡವಳಿಗೂ ಬಹಳ ವ್ಯತ್ಯಾಸ ಇದೆ. ಒಬ್ಬನಿಗೆ ನೋಡುವ ಆಸೆ. ಇನ್ನೊಬ್ಬಳಿಗೆ ಮರೆಯುವ ಆಸೆ.

ಇನ್ನು ಪೂಜೆಯ ವಿಷಯ. ಮನುಷ್ಯರು ಯಂತ್ರಕ್ಕೆ ಕೈಮುಗಿಯುವ ಕಲ್ಪನೆ ಈ ಆಟಕ್ಕಿಂತ ಬಹಳ ಹಳೆಯದು. 1909ರಲ್ಲೇ ಇ.ಎಂ. ಫಾರ್ಸ್ಟರ್ ಬರೆದ ಒಂದು ಕಥೆಯಲ್ಲಿ ಜನ ನೆಲದೊಳಗೆ ಒಂಟಿ ಕೋಣೆಗಳಲ್ಲಿ ಬದುಕುತ್ತಾರೆ. ಊಟ, ಗಾಳಿ, ಮಾತು ಎಲ್ಲವನ್ನೂ ಒಂದು ಮಹಾಯಂತ್ರ ಕೊಡುತ್ತದೆ. ಅದರ ಕೈಪಿಡಿಯೇ ಅವರ ಧರ್ಮಗ್ರಂಥ. ಅದಕ್ಕೆ ಮುತ್ತಿಡುತ್ತಾರೆ. ಇಡೀ ಯಂತ್ರ ಹೇಗೆ ನಡೆಯುತ್ತದೆ ಎಂದು ಬಲ್ಲವರು ಯಾರೂ ಉಳಿದಿಲ್ಲ. ತಿಳಿವಳಿಕೆ ಕಡಿಮೆಯಾದಷ್ಟೂ ಭಕ್ತಿ ಜಾಸ್ತಿಯಾಗುತ್ತ ಹೋಗುತ್ತದೆ.

ಮೆಕ್ಯಾನಿಕಸ್ ಪೂಜಾರಿಗಳ ಸ್ಥಿತಿಯೂ ಇದೇ, ಆದರೆ ಇನ್ನೂ ಸೂಕ್ಷ್ಮ. ಅವರ ಲೋಕದಲ್ಲಿ ಸಾವಿರಾರು ವರ್ಷಗಳ ಹಿಂದಿನ ದೊಡ್ಡ ಜ್ಞಾನ ಕಳೆದುಹೋಗಿದೆ. ಹಳೆಯ ನಕ್ಷೆಯ ಒಂದು ತುಂಡು ಸಿಕ್ಕರೆ ಅದಕ್ಕಾಗಿ ಯುದ್ಧವೇ ಆಗುತ್ತದೆ. ಹೊಸದಾಗಿ ಏನಾದರೂ ಮಾಡಿದರೆ ಪಾಷಂಡಿ ಎಂಬ ಆರೋಪ. ತಾನಾಗಿ ಯೋಚಿಸುವ ಯಂತ್ರವನ್ನು ಮಾಡುವುದು ಮಹಾಪಾಪ. ಯಂತ್ರವನ್ನು ದೇವರೆನ್ನುವವರೇ ಯಂತ್ರಕ್ಕೆ ಬುದ್ಧಿ ಬರುವುದಕ್ಕೆ ಹೆದರುತ್ತಾರೆ, ನೋಡಿ. ಒಂದು ಟ್ಯಾಂಕ್ ಕೆಟ್ಟರೆ ಧೂಪ ಹಾಕಿ, ಪವಿತ್ರ ಎಣ್ಣೆ ಹಚ್ಚಿ, ಮಂತ್ರ ಹೇಳಿ, ಬೋಲ್ಟ್ ಬಿಗಿಯುತ್ತಾರೆ. ಎಣ್ಣೆ ಮತ್ತು ಬೋಲ್ಟಿನಿಂದ ರಿಪೇರಿ ಆಯಿತಾ, ಮಂತ್ರದಿಂದ ಆಯಿತಾ? ಅವರಿಗೆ ಅದು ಬೇರೆ ಬೇರೆ ಅಲ್ಲವೇ ಅಲ್ಲ. ಮಂತ್ರದ ಸಾಲುಗಳಲ್ಲೇ ಕೆಲಸದ ಕ್ರಮ ಅಡಗಿರುತ್ತದೆ. ಬರೆದಿಟ್ಟ ಕಾಗದ ಸುಟ್ಟುಹೋದರೂ ಹಾಡಿನಲ್ಲಿ ಕ್ರಮ ಉಳಿಯುತ್ತದೆ. ಆ ಪೂಜೆಯನ್ನು ಬರೀ ಮೂಢನಂಬಿಕೆ ಎಂದು ತಳ್ಳಿಹಾಕುವವರು ಈ ಅಂಶವನ್ನು ನೋಡುವುದಿಲ್ಲ.

ಜ್ಞಾನ ಒಬ್ಬ ಮನುಷ್ಯನ ತಲೆಯಲ್ಲಿ ಉಳಿದಿರುವುದು ಎಂದರೇನು ಎಂದು ನಮ್ಮ ಮೂರು ಜಿಲ್ಲೆಗಳು 2024ರ ಆಗಸ್ಟ್‌ನಲ್ಲಿ ಕಂಡವು. 10ನೇ ತಾರೀಖಿನ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಕ್ರಸ್ಟ್ ಗೇಟಿನ ಚೈನ್ ತುಂಡಾಗಿ ಗೇಟು ಕೊಚ್ಚಿಹೋಯಿತು. 33 ಗೇಟುಗಳಲ್ಲಿ ಒಂದು. ತುಂಬಿದ ಡ್ಯಾಮಿನ ನೀರು ಹರಿದು ಹೋಗುತ್ತಿತ್ತು. ಕೊಪ್ಪಳ, ರಾಯಚೂರು, ಬಳ್ಳಾರಿಯ ರೈತರ ಜೀವ ಬಾಯಿಗೆ ಬಂದಿತ್ತು. ಆಗ ಗೇಟುಗಳ ಕೆಲಸದಲ್ಲೇ ಬದುಕು ಸವೆಸಿದ ಹಿರಿಯ ತಜ್ಞ ಕನ್ನಯ್ಯ ನಾಯ್ಡು ಬಂದರು. ಹರಿಯುವ ನೀರಿನಲ್ಲೇ ಸ್ಟಾಪ್ ಲಾಗ್ ಎಂಬ ತಾತ್ಕಾಲಿಕ ಗೇಟು ಇಳಿಸುವ ಕೆಲಸಕ್ಕೆ ದಾರಿ ತೋರಿಸಿದರು. ಸುಮಾರು ಒಂದು ವಾರದಲ್ಲಿ ನೀರು ನಿಂತಿತು. ಹತ್ತಾರು ವರ್ಷದ ಅನುಭವ ಒಬ್ಬರ ಕೈಯಲ್ಲಿ, ಕಣ್ಣಲ್ಲಿ ಕೂತಿತ್ತು. ಯಂತ್ರವನ್ನು ಬಲ್ಲವನನ್ನು ಗೌರವಿಸುವುದು, ಆ ಅರಿವು ಅವನೊಂದಿಗೇ ಹೋಗಬಾರದು ಎಂದು ತಳಮಳಿಸುವುದು ಎಷ್ಟು ಸಹಜ ಎಂದು ಆ ವಾರ ನಮಗೆ ಗೊತ್ತಾಯಿತು. ಮೆಕ್ಯಾನಿಕಸ್ ಪೂಜಾರಿಯ ಎದೆಯಲ್ಲಿ ಇರುವುದೂ ಇದೇ ತಳಮಳ. ಅವನು ಅದನ್ನು ಸಾವಿರ ವರ್ಷ ಎಳೆದಿದ್ದಾನೆ ಅಷ್ಟೇ.

ಯಂತ್ರದ ಮೇಲಿನ ಪ್ರೀತಿಗೆ ಇನ್ನೊಂದು ಮುಖ ಇದೆ, ಗಮನ. ಗಿರಣಿಯ ಹಳೆಯ ಮಿಸ್ತ್ರಿಗಳು ಮಾತಾಡುವುದನ್ನು ಕೇಳಿದ್ದೀರಾ? "ತಮ್ಮಾ, ಬೇರಿಂಗ್ ಅಳಾಕತ್ತೈತಿ, ನಿನಗ ಕೇಳ್ಸವಲ್ದೇನು?" ಎನ್ನುತ್ತಾರೆ. ಪಕ್ಕದಲ್ಲಿ ನಿಂತ ಹುಡುಗನಿಗೆ ಬರೀ ಗದ್ದಲ ಕೇಳುತ್ತಿರುತ್ತದೆ. ಮಷಿನ್ ಅಳುತ್ತದೆ, ಮುನಿಸಿಕೊಳ್ಳುತ್ತದೆ, ಇವತ್ತು ಮನಸ್ಸಿಲ್ಲ ಅದಕ್ಕೆ, ಇಂಥ ಮಾತುಗಳಲ್ಲಿ ಒಂದು ಸಂಬಂಧ ಇದೆ. ವಾರ್‌ಹ್ಯಾಮರ್ ಲೋಕದಲ್ಲಿ ಇದನ್ನು ಯಂತ್ರದ ಆತ್ಮ ಎನ್ನುತ್ತಾರೆ. ಪ್ರತಿ ಬಂದೂಕಿಗೂ, ಪ್ರತಿ ಹಡಗಿಗೂ ಒಂದು ಆತ್ಮ, ಅದಕ್ಕೊಂದು ಸ್ವಭಾವ. ನನ್ನ ಅಭಿಪ್ರಾಯದಲ್ಲಿ ಪೂಜಾರಿಯನ್ನು ಪ್ರೀತಿಸಲು ಸಾಧ್ಯವಾಗುವುದು ಇಲ್ಲೇ. ಮನುಷ್ಯರ ಜೊತೆ ಒಂದು ಮಾತು ಆಡದವನು ಹಳೆಯ ಎಂಜಿನ್ನಿನ ಪಕ್ಕ ಕೂತು ರಾತ್ರಿಯಿಡೀ ಮಾತಾಡುತ್ತಾನೆ.

ಜಗಳ ಕೂಡ ಮನುಷ್ಯತನವೇ. ಈ ಪಂಥದಲ್ಲಿ ವಿದ್ಯುತ್ತನ್ನು ದೇವರ ಶಕ್ತಿ ಎಂದು ಆರಾಧಿಸುವ ಎರಡು ಗುಂಪುಗಳಿವೆ. ಕಾರ್ಪಸ್ಕಾರಿಗಳು ಆ ಶಕ್ತಿಯನ್ನು ಮೈಯಿಂದ ಹೊರಚೆಲ್ಲಿ ಹಂಚಬೇಕು ಎನ್ನುತ್ತಾರೆ. ಫಲ್ಗುರೈಟರು ಅಯೋಗ್ಯರಿಂದ ಅದನ್ನು ಹೀರಿ ಕಾಪಾಡಬೇಕು ಎನ್ನುತ್ತಾರೆ. ದೇವರು ಒಬ್ಬನೇ, ಶಕ್ತಿ ಒಂದೇ, ಆದರೂ ಒಬ್ಬರನ್ನು ಕಂಡರೆ ಒಬ್ಬರಿಗೆ ಆಗುವುದಿಲ್ಲ. ಲೆಕ್ಕದಿಂದಲೇ ಎಲ್ಲ ತೀರ್ಮಾನಿಸುವ ಯಂತ್ರಗಳಾಗಿದ್ದರೆ ಈ ಜಗಳ ಎಂದೋ ಮುಗಿಯಬೇಕಿತ್ತು.

ಈಗ ಕಸುಬಿನ ಪ್ರಶ್ನೆ. ಮುಖವೇ ಕಾಣದ, ದನಿ ಏರಿಳಿಯದ ಪಾತ್ರಕ್ಕೆ ವ್ಯಕ್ತಿತ್ವ ಕೊಡುವುದು ಹೇಗೆ? ಇದಕ್ಕೆ ನಮ್ಮ ನೆಲದಲ್ಲೇ ಪಾಠ ಇದೆ. ತೊಗಲು ಗೊಂಬೆಯನ್ನು ನೆನಪು ಮಾಡಿಕೊಳ್ಳಿ. ಬಳ್ಳಾರಿಯ ಬೆಳಗಲ್ಲು ವೀರಣ್ಣ ಅವರಂಥ ಕಲಾವಿದರು ದೇಶ ವಿದೇಶಗಳಿಗೆ ಕೊಂಡೊಯ್ದ ಕಲೆ ಅದು. ಗೊಂಬೆಯ ಮುಖ ಚರ್ಮದಲ್ಲಿ ಒಮ್ಮೆ ಕತ್ತರಿಸಿದರೆ ಮುಗಿಯಿತು. ಅದು ನಗುವುದಿಲ್ಲ, ಹುಬ್ಬು ಗಂಟಿಕ್ಕುವುದಿಲ್ಲ. ಆದರೂ ಪರದೆಯ ಹಿಂದೆ ರಾವಣ ಬಂದರೆ ಮಕ್ಕಳಿಗೂ ಗೊತ್ತಾಗುತ್ತದೆ. ಅವನು ಒಳಗೆ ಬರುವ ರೀತಿ, ಕೈ ಎತ್ತುವ ವೇಗ, ಮಾತಿನ ನಡುವೆ ಬಿಡುವ ಅಂತರ, ಮೇಳದ ತಾಳ, ಇವೇ ಅವನ ಸ್ವಭಾವ. ಮುಖ ಬಿಟ್ಟು ಉಳಿದ ಎಲ್ಲವೂ ನಟಿಸುತ್ತದೆ.

ಇದೇ ಮಾತನ್ನು 1944ರಲ್ಲಿ ಅಮೆರಿಕದ ಲೇಖಕಿ ಸಿ.ಎಲ್. ಮೂರ್ ಒಂದು ಕಥೆಯಲ್ಲಿ ತೋರಿಸಿದರು. ಡೀರ್ಡ್ರೆ ಎಂಬ ಪ್ರಸಿದ್ಧ ನರ್ತಕಿ ರಂಗಮಂದಿರದ ಬೆಂಕಿಯಲ್ಲಿ ಸುಟ್ಟುಹೋಗುತ್ತಾಳೆ. ಮಿದುಳು ಮಾತ್ರ ಉಳಿಯುತ್ತದೆ. ಅದನ್ನು ಬಂಗಾರದ ಬಣ್ಣದ ಲೋಹದ ಮೈಯಲ್ಲಿ ಇಡುತ್ತಾರೆ. ಮುಖದಲ್ಲಿ ಕಣ್ಣು ಮೂಗು ಯಾವುದೂ ಇಲ್ಲ. ಆದರೂ ಹಳೆಯ ಗೆಳೆಯ ಅವಳನ್ನು ಕಾಣಲು ಬಂದಾಗ, ಅವಳು ಅಲುಗುವ ರೀತಿಯಲ್ಲಿ, ಮಾತಿನ ಲಯದಲ್ಲಿ ಹಳೆಯ ಡೀರ್ಡ್ರೆ ಕಾಣಿಸುತ್ತಾಳೆ. ಸೈಬೋರ್ಗ್ ಎಂಬ ಪದ ಹುಟ್ಟುವ 16 ವರ್ಷ ಮೊದಲು ಬಂದ ಕಥೆ ಇದು. ಈ ವಿಷಯದಲ್ಲಿ ಇದಕ್ಕಿಂತ ಆಳವಾಗಿ ಹೋದ ಕಥೆ ನನಗೆ ಸಿಕ್ಕಿಲ್ಲ. ಯಾಕೆಂದರೆ ಆಕೆಯನ್ನು ನೋಡುವವರು ಅಯ್ಯೋ ಪಾಪ ಎನ್ನಲು ತಯಾರಾಗಿ ಬರುತ್ತಾರೆ. ಆಕೆಗೆ ಪಾಪ ಎನ್ನಿಸಿಕೊಳ್ಳುವುದು ಬೇಕಿಲ್ಲ. ಅವಳ ಚಿಂತೆಯೇ ಬೇರೆ. ಈ ಮೈಗೆ ಏನೇನು ಸಾಧ್ಯ ಎಂದು ಗೊತ್ತಾಗುತ್ತಿದ್ದಂತೆ, ಉಳಿದ ಮನುಷ್ಯರಿಂದ ತಾನು ಎಷ್ಟು ದೂರ ಹೋಗಿಬಿಡುತ್ತೇನೋ ಎಂಬ ಒಂಟಿತನ ಅವಳನ್ನು ಕಾಡುತ್ತದೆ.

ಬೇಡದಿದ್ದರೂ ಉಳಿಸಿಕೊಂಡ ಅಭ್ಯಾಸ ಇನ್ನೊಂದು ಒಳ್ಳೆಯ ಉಪಾಯ. ಹೊಟ್ಟೆಯೇ ಇಲ್ಲದವನು ಬೆಳಿಗ್ಗೆ ಚಹಾದ ಲೋಟ ಕೈಯಲ್ಲಿ ಹಿಡಿದು ಕೂರುತ್ತಾನೆ. ನಾಲ್ಕು ಲೋಹದ ಕೈ ಇದ್ದರೂ ನಮಸ್ಕಾರಕ್ಕೆ ಹಳೆಯ ಎರಡೇ ಕೈ ಜೋಡಿಸುತ್ತಾನೆ. ಪುಟಗಟ್ಟಲೆ ವಿವರಣೆಗಿಂತ ಇಂಥ ಒಂದು ವಾಕ್ಯ ಮೇಲು. ನೆನಪಿನದೂ ಹೀಗೇ. ವಾರ್‌ಹ್ಯಾಮರ್ ಲೋಕದಲ್ಲಿ ಬೆಲಿಸಾರಿಯಸ್ ಕೌಲ್ ಎಂಬ ಪೂಜಾರಿಗೆ ಹತ್ತು ಸಾವಿರ ವರ್ಷಕ್ಕೂ ಮೇಲೆ ವಯಸ್ಸು. ಮೈ ನೋಡಿದರೆ ಮನುಷ್ಯ ಎಂದು ಹೇಳಲಾಗದು. ಆದರೆ ಎಲ್ಲರಿಗಿಂತ ಜಾಸ್ತಿ ಹರಟುವವನು, ಜಂಬದವನು, ಕುತೂಹಲ ಅಡಗಿಸಿಕೊಳ್ಳಲಾರದವನು ಅವನೇ. ಹೊಸದನ್ನು ಮಾಡುತ್ತಾನೆ ಎಂದು ಅವನ ಪಂಥದವರೇ ಅವನ ಮೇಲೆ ಅನುಮಾನ ಪಡುತ್ತಾರೆ. ಮೈಯಲ್ಲಿ ಅತಿ ಹೆಚ್ಚು ಯಂತ್ರ ಇರುವವನಿಗೇ ಅತಿ ಹೆಚ್ಚು ವ್ಯಕ್ತಿತ್ವ ಕೊಟ್ಟಿದ್ದು ಆ ಬರಹಗಾರರ ಜಾಣತನ.

ಇಲ್ಲಿಗೆ ಒಂದು ಕತ್ತಲೆಯ ಕಡೆಯನ್ನೂ ನೋಡಲೇಬೇಕು. ಪಾತ್ರದಲ್ಲಿ ಮನುಷ್ಯ ಉಳಿದಿದ್ದಾನೆ ಎಂದರೆ ಒಳ್ಳೆಯವನು ಉಳಿದಿದ್ದಾನೆ ಎಂದಲ್ಲ. ಮೆಕ್ಯಾನಿಕಸ್ ಲೋಕದಲ್ಲಿ ಸರ್ವಿಟರ್ ಎಂಬ ಜೀವಗಳಿವೆ. ಶಿಕ್ಷೆಗೊಳಗಾದವರನ್ನೋ, ತೊಟ್ಟಿಯಲ್ಲಿ ಬೆಳೆಸಿದ ಮೈಗಳನ್ನೋ ತಂದು, ಮನಸ್ಸು ಅಳಿಸಿ, ಒಂದೇ ಕೆಲಸಕ್ಕೆ ಜೋಡಿಸಿಬಿಡುತ್ತಾರೆ. ಒಬ್ಬ ಬಾಗಿಲು ತೆರೆಯಲಿಕ್ಕೆ, ಒಬ್ಬ ಭಾರ ಎತ್ತಲಿಕ್ಕೆ. ಇವರಲ್ಲಿ ಪೂಜಾರಿಗಿಂತ ಮಾಂಸ ಜಾಸ್ತಿಯೇ ಇರಬಹುದು. ವ್ಯಕ್ತಿ ಮಾತ್ರ ಇಲ್ಲ. ಲೋಹ ತುಂಬಿದ ಪೂಜಾರಿಯಲ್ಲಿ ವ್ಯಕ್ತಿ ಇದ್ದಾನೆ, ಮಾಂಸ ತುಂಬಿದ ಸರ್ವಿಟರ್‌ನಲ್ಲಿ ಇಲ್ಲ. ಮಾಂಸದ ತೂಕದಿಂದ ಮನುಷ್ಯತನ ಅಳೆಯಲಾಗದು ಎಂಬುದಕ್ಕೆ ಇದಕ್ಕಿಂತ ಕಠಿಣ ಸಾಕ್ಷಿ ಬೇಕಾ? ಸರ್ವಿಟರ್ ಮಾಡುವ ಪೂಜಾರಿಗೆ ಅದು ಕ್ರೌರ್ಯ ಎಂದು ಅನ್ನಿಸುವುದೂ ಇಲ್ಲ. ಅವನ ಲೆಕ್ಕದಲ್ಲಿ ಒಂದು ಸಾಮಾನು ಕಡಿಮೆ ಇತ್ತು, ಸಿಕ್ಕಿತು.

ಇದು ಓದುವಾಗ ನನಗೆ ಸಂಡೂರು, ಹೊಸಪೇಟೆ, ಬಳ್ಳಾರಿ ರಸ್ತೆಗಳ ಅದಿರಿನ ಕಾಲ ನೆನಪಾಗುತ್ತದೆ. ಎಷ್ಟು ಟನ್ ಹೋಯಿತು, ಎಷ್ಟು ಲಾರಿ ಹೋಯಿತು ಎಂಬ ಮಾತು ಎಲ್ಲ ಕಡೆ ಇತ್ತು. ಕೆಂಪು ಧೂಳು ಉಸಿರಾಡಿದವರ ಮಾತು ಎಲ್ಲೂ ಇರಲಿಲ್ಲ. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆ ನಿಲ್ಲಿಸಿದಾಗ ಆ ಓಟ ನಿಂತಿತು. ಮನುಷ್ಯನನ್ನು ಬಿಡಿಭಾಗ ಎಂದು ನೋಡಲು ತಲೆಯೊಳಗೆ ಚಿಪ್ ಇರಬೇಕಾಗಿಲ್ಲ. ಯಂತ್ರ ಪೂಜಿಸುವ ಪಾತ್ರ ನಮ್ಮನ್ನು ಚುಚ್ಚುವುದು ಈ ಕಾರಣಕ್ಕೆ. ಅವನ ಕ್ರೌರ್ಯ ಯಂತ್ರದಿಂದ ಬಂದದ್ದಲ್ಲ, ನಮ್ಮ ಮನೆಯಿಂದಲೇ ಹೋದದ್ದು.

ಹಾಗಾದರೆ ಯಂತ್ರಕ್ಕೆ ಮೈ ಕೊಡುವುದೇ ತಪ್ಪಾ? ಇಲ್ಲಿ ನಮಗೆ ಹನ್ನೆರಡನೇ ಶತಮಾನದ ಬಸವಣ್ಣನವರ ಒಂದು ವಚನ ದಾರಿ ತೋರಿಸುತ್ತದೆ. ನನ್ನ ಮೈಯನ್ನು ದಂಡಿಗೆ ಮಾಡು, ತಲೆಯನ್ನು ಸೋರೆ ಮಾಡು, ನರವನ್ನು ತಂತಿ ಮಾಡು, ಎದೆಗೊತ್ತಿಕೊಂಡು ಬಾರಿಸು ಎಂದು ಅವರು ಕೂಡಲಸಂಗಮನನ್ನು ಬೇಡುತ್ತಾರೆ. ಇಡೀ ಮೈ ವಾದ್ಯವಾಗಲಿ ಎಂಬ ಬೇಡಿಕೆ. ಅಲ್ಲಿ ಹೇಸಿಗೆ ಇಲ್ಲ. ಮೈ ಕೀಳು, ಅದಕ್ಕೆ ಬಿಡುತ್ತೇನೆ ಎಂಬ ಮಾತಿಲ್ಲ. ಪ್ರೀತಿಯ ವಸ್ತು, ಅದಕ್ಕೇ ಕೊಡುತ್ತೇನೆ ಎಂಬ ಭಾವ. ಜೊತೆಗೆ ಆ ವಾದ್ಯವನ್ನು ಎದೆಗೊತ್ತಿಕೊಳ್ಳುವ ಒಬ್ಬ ಇದ್ದಾನೆ ಎಂಬ ನಂಬಿಕೆ. ಮೆಕ್ಯಾನಿಕಸ್ ಪೂಜಾರಿಗೆ ಇರದಿರುವುದು ಇವೆರಡೇ. ಮೈಯ ಮೇಲೆ ಅವನಿಗೆ ಪ್ರೀತಿ ಇಲ್ಲ, ಅವನ ಯಂತ್ರದೇವರು ಅವನನ್ನು ಎತ್ತಿಕೊಂಡು ನುಡಿಸುವುದೂ ಇಲ್ಲ. ಅವನು ಮೈ ಕೊಡುತ್ತಲೇ ಹೋಗುತ್ತಾನೆ, ಆ ಕಡೆಯಿಂದ ಉತ್ತರ ಬರುವುದಿಲ್ಲ. ಈ ಕೊರತೆಯಿಂದಲೇ ಆ ಪಾತ್ರಕ್ಕೆ ದುರಂತದ ತೂಕ ಬರುತ್ತದೆ. ಮತ್ತು ಇಂಗ್ಲಿಷಿನಲ್ಲಿ ಈ ಪಾತ್ರ ಬರೆಯುವವರು ಹೆಚ್ಚು ಮುಟ್ಟದ ಒಂದು ಬಾಗಿಲು ಇಲ್ಲಿ ನಮಗೆ ತೆರೆದಿದೆ. ಹೇಸಿಗೆಯಿಂದಲ್ಲದೆ ಪ್ರೀತಿಯಿಂದ ಮೈ ಕೊಟ್ಟ ಸೈಬೋರ್ಗ್ ಹೇಗಿರುತ್ತಾಳೆ?

ಕನ್ನಡದಲ್ಲಿ ಬರೆಯುವ ಮನಸ್ಸಿದ್ದವರಿಗಾಗಿ ಒಂದು ಪಾತ್ರವನ್ನು ಇಲ್ಲಿ ಇಡುತ್ತೇನೆ. ಕೃಷ್ಣಾ ದಂಡೆಯ ಶಕ್ತಿನಗರ. ಈಗ ಅಲ್ಲಿರುವ 1,720 ಮೆಗಾವ್ಯಾಟಿನ ರಾಯಚೂರು ಶಾಖೋತ್ಪನ್ನ ಕೇಂದ್ರ ಕೆಲಸ ನಿಲ್ಲಿಸಿ ನೂರಾರು ವರ್ಷ ಕಳೆದಿವೆ ಎಂದುಕೊಳ್ಳಿ. ಒಂದೇ ಒಂದು ಹಳೆಯ ಯೂನಿಟ್ ಮಾತ್ರ ಇನ್ನೂ ತಿರುಗುತ್ತಿದೆ. ಅದನ್ನು ನೋಡಿಕೊಳ್ಳುವ ಹೆಣ್ಣುಮಗಳು ಮೊದಲು ಬದಲಿಸಿಕೊಂಡಿದ್ದು ಕಿವಿ. ಟರ್ಬೈನಿನ ಬೇರಿಂಗ್ ಕೆಡುವ ಮೂರು ದಿನ ಮೊದಲೇ ಅದಕ್ಕೆ ಗೊತ್ತಾಗುತ್ತದೆ. ಆಮೇಲೆ ಕೈ, ಆಮೇಲೆ ಚರ್ಮ, ಬಿಸಿ ತಾಳಲಿಕ್ಕೆ. ಹಲ್ಲು, ನಾಲಿಗೆ ಬಿಟ್ಟುಕೊಟ್ಟಿಲ್ಲ, ಎಲೆ ಅಡಿಕೆ ಬೇಕು. ಸಾಹೇಬರಿಗೆ 'ನೀವು' ಎನ್ನುತ್ತಾಳೆ, ಟರ್ಬೈನಿಗೆ 'ಯವ್ವಾ' ಎನ್ನುತ್ತಾಳೆ. ದೀಕ್ಷೆ ಇಲ್ಲದೆ ಪೇಟೆಯಲ್ಲಿ ಕೈ ಹಾಕಿಸಿಕೊಂಡು ಬಂದ ಹುಡುಗರ ಮೇಲೆ ಅವಳಿಗೆ ಸಿಟ್ಟು. ತನ್ನ ಕೈಕೆಳಗೆ ಕಲ್ಲಿದ್ದಲು ಸುರಿಯುವ, ಮನಸ್ಸು ಅಳಿಸಿದ ಒಬ್ಬನಿಗೆ ಯಾರಿಗೂ ಹೇಳದೆ ಒಂದು ಹೆಸರಿಟ್ಟಿದ್ದಾಳೆ.

ಇನ್ನು ಕಥೆಗೆ ಬೇಕಾದದ್ದು ಒಂದು ರಾತ್ರಿ ಪಾಳಿ. ಕೈಪಿಡಿಯ ಮಂತ್ರ ಯೂನಿಟ್ ನಿಲ್ಲಿಸು ಎನ್ನುತ್ತದೆ, ಅವಳ ಕಿವಿ ಬೇಡ ಎನ್ನುತ್ತದೆ, ನಿಲ್ಲಿಸಿದರೆ ಊರಿನ ಆಸ್ಪತ್ರೆಗೆ ಕರೆಂಟ್ ಇಲ್ಲ. ಅವಳು ಯಾರ ಮಾತು ಕೇಳುತ್ತಾಳೆ ಎಂದು ಮೊದಲು ತೀರ್ಮಾನಿಸಿಕೊಳ್ಳಿ. ಲೋಹದ ಕೈ ಎಷ್ಟು ಉದ್ದ, ಕಣ್ಣಿನ ಲೆನ್ಸ್ ಯಾವ ಬಣ್ಣ ಎಂಬುದನ್ನು ಆಮೇಲೆ ಬರೆದರಾಯಿತು.